ಕೆಲಸದ ಜಾಗದಲ್ಲಿ ಪೆರಿಮೆನೋಪಾಸ್: ಟೇಬಲ್ಲಿಗೊಂದು ಫ್ಯಾನ್ ಕೊಟ್ಟರೆ ಸಾಕೇ?

ಪ್ರಶ್ನೆ: ನಾನು ಗ್ರಾಹಕ ಸೇವಾ ವಿಭಾಗವೊಂದರ ಮ್ಯಾನೇಜರ್. ಇಪ್ಪತ್ತೆರಡು ಜನರ ತಂಡ, ಹೆಚ್ಚಿನದು ಫೋನಿನ ಕೆಲಸ, ತಿಂಗಳಲ್ಲಿ ಒಂದು ವಾರ ರಾತ್ರಿ ಪಾಳಿ. ತಂಡದ ಅತ್ಯಂತ ಅನುಭವಿ ಸಹೋದ್ಯೋಗಿಗೆ ಈಗ 46 ವರ್ಷ. ಆರೇಳು ತಿಂಗಳಿಂದ ತಡವಾಗಿ ಬರುತ್ತಾರೆ, ಮೀಟಿಂಗಿನ ಮಧ್ಯೆ ಎದ್ದು ಹೋಗುತ್ತಾರೆ, ಹೇಳಿದ್ದನ್ನು ಮರೆಯುತ್ತಾರೆ. ಕಳೆದ ವಾರ ಅವರೇ ಬಂದು, ‘ಡಾಕ್ಟರು ಪೆರಿಮೆನೋಪಾಸ್ ಅಂತ ಹೇಳಿದ್ದಾರೆ’ ಎಂದರು. ಟೇಬಲ್ಲಿಗೊಂದು ಫ್ಯಾನ್ ತರಿಸಿಕೊಟ್ಟೆ, ಬೇಕಾದಾಗ ರಜೆ ಹಾಕಿ ಎಂದೆ. ಎಚ್‌ಆರ್‌ನವರು ಟೆಸ್ಟ್ ರಿಪೋರ್ಟ್ ಕೇಳುತ್ತಿದ್ದಾರೆ. ಮುಂದಿನ ತಿಂಗಳು ಅಪ್ರೈಸಲ್ ಬೇರೆ. ಇನ್ನೇನು ಮಾಡಬೇಕು? ‘ಅವರಿಗೆ ಮಾತ್ರ ಯಾಕೆ’ ಎಂದು ಉಳಿದವರು ಕೇಳಿದರೆ ಏನು ಹೇಳಲಿ?

ಉತ್ತರ: ಪೆರಿಮೆನೋಪಾಸ್ ಎಂದರೆ ಮುಟ್ಟು ಪೂರ್ತಿ ನಿಲ್ಲುವ (ಮೆನೋಪಾಸ್) ಮೊದಲು ಹಾರ್ಮೋನುಗಳು ಏರುಪೇರಾಗುವ ಕೆಲವು ವರ್ಷಗಳ ಹಂತ. ಫ್ಯಾನ್ ಕೊಟ್ಟಿದ್ದು ತಪ್ಪಲ್ಲ. ಆದರೆ ನೀವೇ ಹೇಳಿರುವ ಮೂರು ತೊಂದರೆಗಳನ್ನು ನೋಡಿ: ತಡವಾಗುವುದು, ಎದ್ದು ಹೋಗುವುದು, ಮರೆಯುವುದು. ತಡವಾಗುವುದರ ಹಿಂದೆ ಬಹುಶಃ ಕೆಟ್ಟ ನಿದ್ದೆ ಇದೆ. ಎದ್ದು ಹೋಗುವುದು ಮೈ ಬಿಸಿಯೇರಿದ್ದಕ್ಕೂ ಇರಬಹುದು, ವಿಪರೀತ ರಕ್ತಸ್ರಾವಕ್ಕೂ ಇರಬಹುದು. ಎರಡನೆಯದನ್ನು ಅವರು ಮ್ಯಾನೇಜರ್ ಮುಂದೆ ಬಾಯಿಬಿಟ್ಟು ಹೇಳುವ ಸಂಭವ ಕಡಿಮೆ. ಮರೆವಿಗಂತೂ ಫ್ಯಾನಿನಿಂದ ಏನೂ ಆಗುವುದಿಲ್ಲ. ರಜೆಯ ಮಾತೂ ಅಷ್ಟೆ. ವರ್ಷಗಟ್ಟಲೆ ಬಂದು ಹೋಗುವ ತೊಂದರೆಗೆ ರಜೆ ಹಾಕುತ್ತಾ ಹೋದರೆ ರಜೆ ಮುಗಿಯುತ್ತದೆ, ತೊಂದರೆ ಮುಗಿಯುವುದಿಲ್ಲ.

ಈ ಹಂತದ ಸ್ವಭಾವವೇ ಏರುಪೇರು. ಹತ್ತು ದಿನ ಏನೂ ಇಲ್ಲ, ಹನ್ನೊಂದನೆಯ ದಿನ ಎದ್ದು ನಿಲ್ಲುವುದೂ ಕಷ್ಟ. ಪ್ರತಿ ಸಲ ನಿಮ್ಮೆದುರು ಬಂದು, ಕಾರಣ ಹೇಳಿ, ಒಪ್ಪಿಗೆ ಪಡೆಯಬೇಕಾದ ಅನುಕೂಲ ಅಂಥ ದಿನ ಉಪಯೋಗಕ್ಕೆ ಬರುವುದಿಲ್ಲ. ಏಕೆಂದರೆ ಕೇಳುವ ಚೈತನ್ಯ ಇಲ್ಲದಿರುವುದೇ ಆ ದಿನದ ಲಕ್ಷಣ. ಒಳ್ಳೆಯ ದಿನವೇ ಕೂತು ಮಾತಾಡಿ, ಕೆಟ್ಟ ದಿನ ಕೇಳದೆಯೇ ಬಳಸಿಕೊಳ್ಳುವ ಹಾಗೆ ವ್ಯವಸ್ಥೆ ಮಾಡಿಡಿ. ಕೆಳಗಿನದೆಲ್ಲ ಈ ಒಂದು ಮಾತಿನ ವಿವರ.

ಎಚ್‌ಆರ್‌ನವರಿಗೆ ರಿಪೋರ್ಟ್ ಯಾಕೆ ಸಿಗುವುದಿಲ್ಲ

ಅಂಡಾಶಯ ನಿಧಾನವಾಗಿ, ಇಳಿಜಾರಿನಲ್ಲಿ ಇಳಿದ ಹಾಗೆ ಕೆಲಸ ನಿಲ್ಲಿಸುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದು ತಿಂಗಳು ಪಾತಾಳಕ್ಕಿಳಿದರೆ ಇನ್ನೊಂದು ತಿಂಗಳು ಇಪ್ಪತ್ತೈದರ ವಯಸ್ಸಿನಲ್ಲಿ ಇದ್ದುದಕ್ಕಿಂತ ಮೇಲೇರಬಹುದು. ಇವತ್ತು ರಕ್ತ ಕೊಟ್ಟರೆ ಒಂದು ಅಂಕಿ, ಮುಂದಿನ ವಾರ ಕೊಟ್ಟರೆ ಇನ್ನೊಂದು. ಅದಕ್ಕೇ 45 ದಾಟಿದವರಲ್ಲಿ, ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ಎಫ್‌ಎಸ್‌ಎಚ್ ಪರೀಕ್ಷೆ ಮಾಡಿಸಿ ಪೆರಿಮೆನೋಪಾಸ್ ನಿರ್ಧರಿಸಬೇಡಿ ಎಂದು ಬ್ರಿಟನ್ನಿನ ‘ನೈಸ್’ ಸಂಸ್ಥೆಯ ಮಾರ್ಗಸೂಚಿ ವೈದ್ಯರಿಗೇ ಹೇಳುತ್ತದೆ. ವೈದ್ಯರು ನೋಡುವುದು ಲಕ್ಷಣಗಳನ್ನು ಮತ್ತು ಮುಟ್ಟಿನ ಲೆಕ್ಕವನ್ನು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬರತೊಡಗಿದರೆ ಹಂತ ಶುರುವಾಗಿದೆ ಎಂದು ಅರ್ಥ. ಎರಡು ಮುಟ್ಟುಗಳ ನಡುವೆ 60 ದಿನ ಅಥವಾ ಹೆಚ್ಚಿನ ಅಂತರ ಬಿದ್ದರೆ ಕೊನೆಯ ಭಾಗಕ್ಕೆ ಬಂದಿದ್ದಾರೆ ಎಂದು ಅರ್ಥ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಮೆನೋಪಾಸ್, ಅದೂ ಹಿಂದಿರುಗಿ ನೋಡಿ ಹೇಳುವ ಮಾತು.

ಆದ್ದರಿಂದ ಎಚ್‌ಆರ್ ಕೇಳುತ್ತಿರುವ ಕಾಗದ ಯಾರ ಬಳಿಯೂ ಇರುವುದಿಲ್ಲ. ತೀರಾ ಬೇಕೇ ಆದರೆ, ‘ಈ ಉದ್ಯೋಗಿಗೆ ಆರೋಗ್ಯದ ಕಾರಣದಿಂದ ಇಂತಿಂಥ ಮಾರ್ಪಾಡು ಅಗತ್ಯ’ ಎಂಬ ಒಂದು ಸಾಲಿನ ವೈದ್ಯರ ಪತ್ರ ಸಾಕು. ಅದರಲ್ಲಿ ರೋಗದ ಹೆಸರು ಇರಬೇಕಿಲ್ಲ. ಕುರ್ಚಿ ಬದಲಿಸುವುದಕ್ಕೆ, ಮೀಟಿಂಗ್ ಸಮಯ ಹಿಂದುಮುಂದು ಮಾಡುವುದಕ್ಕೆ ಅದನ್ನೂ ಕೇಳಬೇಡಿ.

ವಯಸ್ಸಿನ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ನಲವತ್ತರ ನಂತರ ಶುರುವಾಗಿ ಸರಾಸರಿ ನಾಲ್ಕು ವರ್ಷ ಇರುತ್ತದೆ, ಕೆಲವರಿಗೆ ಎಂಟು ವರ್ಷವೂ ಆಗುತ್ತದೆ. ಆದರೆ ನೂರರಲ್ಲಿ ಸುಮಾರು ಒಬ್ಬರಿಗೆ ನಲವತ್ತರ ಒಳಗೇ ಅಂಡಾಶಯ ಕೈಕೊಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆದವರಿಗೆ ಈ ಏರುಪೇರಿನ ಹಂತವೇ ಇಲ್ಲ, ಒಂದೇ ರಾತ್ರಿಯಲ್ಲಿ ಎಲ್ಲವೂ ಬಂದೆರಗುತ್ತದೆ. ಹಾಗಾಗಿ ‘45 ಮೇಲ್ಪಟ್ಟ ಮಹಿಳೆಯರಿಗೆ’ ಎಂದು ನಿಯಮ ಬರೆದರೆ ಅತಿ ಹೆಚ್ಚು ತೊಂದರೆ ಇರುವವರೇ ಹೊರಗುಳಿಯುತ್ತಾರೆ.

ಮೊದಲ ಮಾತುಕತೆ

ಅವರೇ ಬಂದು ಹೇಳಿದ್ದಾರೆ, ಅದು ನಿಮ್ಮ ಅದೃಷ್ಟ. ಹೇಳದೇ ಇದ್ದಿದ್ದರೆ ‘ನಿಮಗೆ ಮೆನೋಪಾಸಾ?’ ಎಂದು ಊಹಿಸಿ ಕೇಳುವ ಹಾಗಿರಲಿಲ್ಲ. ‘ಇತ್ತೀಚೆಗೆ ಕೆಲಸದಲ್ಲಿ ಏನು ಕಷ್ಟವಾಗ್ತಿದೆ, ನನ್ನಿಂದ ಏನು ಬದಲಾಯಿಸಬಹುದು?’ ಎಂಬಲ್ಲಿಗೆ ನಿಲ್ಲಬೇಕಿತ್ತು. ಉಳಿದವರ ವಿಷಯದಲ್ಲಿ ಇದನ್ನು ನೆನಪಿಡಿ.

ಈಗ ಮಾಡಬೇಕಾದದ್ದು: ಒಂದು ದಿನ ಮುಂಚೆ ಹೇಳಿ, ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು, ಗಾಜಿನ ಕೋಣೆ ಅಲ್ಲದ ಕಡೆ ಕೂತುಕೊಳ್ಳಿ. ಮ್ಯಾನೇಜರ್ ಗಂಡಸಾಗಿದ್ದರೆ, ಬೇಕಾದರೆ ತಮಗೆ ನಂಬಿಕೆಯಿರುವ ಇನ್ನೊಬ್ಬರನ್ನು ಕರೆತರಬಹುದು ಎಂದು ಮೊದಲೇ ತಿಳಿಸಿ. ಲಕ್ಷಣಗಳ ಪಟ್ಟಿ ಕೇಳಬೇಡಿ, ಕೆಲಸದ ಪಟ್ಟಿಯಿಂದ ಶುರು ಮಾಡಿ. ‘ನಿಮ್ಮ ಒಂದು ದಿನದ ಕೆಲಸದಲ್ಲಿ ಯಾವ ಭಾಗ ಅತಿ ಕಷ್ಟ? ದಿನದ ಯಾವ ಹೊತ್ತು? ಯಾವುದನ್ನು ಬಿಟ್ಟುಕೊಡಲು ನಿಮಗೆ ಇಷ್ಟವಿಲ್ಲ?’ ಈ ಮೂರನೆಯ ಪ್ರಶ್ನೆಯನ್ನು ಬಹಳ ಮ್ಯಾನೇಜರುಗಳು ಮರೆಯುತ್ತಾರೆ. ಪಾಪ, ಕಷ್ಟದಲ್ಲಿದ್ದಾರೆ ಎಂದು ದೊಡ್ಡ ಗ್ರಾಹಕರ ಕಡತವನ್ನು ಸದ್ದಿಲ್ಲದೆ ಬೇರೆಯವರಿಗೆ ದಾಟಿಸುತ್ತಾರೆ. ಕೊಟ್ಟವರಿಗೆ ಅದು ಕರುಣೆ, ಕಳೆದುಕೊಂಡವರಿಗೆ ಹಿಂಬಡ್ತಿ.

ಕೊನೆಯಲ್ಲಿ ಕೇಳಿ: ಇದು ಯಾರಿಗೆ ಗೊತ್ತಾಗಬಹುದು, ಯಾರಿಗೆ ಬೇಡ? ಆ ಉತ್ತರವನ್ನು ಅಕ್ಷರಶಃ ಪಾಲಿಸಿ. ನಿಮ್ಮ ಮನೆಯವರ ಅನುಭವ, ಯಾರೋ ಕುಡಿದು ಗುಣವಾದ ಕಷಾಯ, ಅಂತರ್ಜಾಲದಲ್ಲಿ ಓದಿದ ಮಾತ್ರೆ, ಯಾವುದನ್ನೂ ತರಬೇಡಿ.

ಯಾರೂ ಹೇಳದ ತೊಂದರೆ: ರಕ್ತಸ್ರಾವ

ಈ ವಿಷಯದ ಪೋಸ್ಟರುಗಳಲ್ಲಿ ಬೀಸಣಿಗೆ ಹಿಡಿದ ಹೆಂಗಸಿನ ಚಿತ್ರ ಇದ್ದೇ ಇರುತ್ತದೆ. ಮುಟ್ಟು ಇನ್ನೂ ನಿಲ್ಲದ ಈ ಹಂತದಲ್ಲಿ ಕೆಲಸ ಕೆಡಿಸುವುದು ಎಷ್ಟೋ ಸಲ ಸೆಕೆಯಲ್ಲ, ರಕ್ತಸ್ರಾವ. ಕಾರಣ ಸರಳ. ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅಂಡೋತ್ಪತ್ತಿ ಆದ ಮೇಲೆ ಮಾತ್ರ ಸಾಕಷ್ಟು ತಯಾರಾಗುತ್ತದೆ. ಅಂಡೋತ್ಪತ್ತಿ ತಪ್ಪಿದ ತಿಂಗಳಲ್ಲಿ ಈಸ್ಟ್ರೋಜನ್ ಒಂದೇ ಆ ಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಅದು ಕಳಚುವಾಗ ಯಾವ ದಿನ, ಎಷ್ಟು ಎಂಬ ಲೆಕ್ಕವೇ ಇರುವುದಿಲ್ಲ. ಪ್ರತಿ ಒಂದೆರಡು ಗಂಟೆಗೆ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ಗಡ್ಡೆಗಳು ಹೋಗುವುದು, ಎರಡು ಬಗೆಯ ರಕ್ಷಣೆ ಒಟ್ಟಿಗೆ ಬೇಕಾಗುವುದು, ಇವೆಲ್ಲ ವಿಪರೀತ ರಕ್ತಸ್ರಾವದ ಗುರುತುಗಳು.

ಇದನ್ನು ನಿಮ್ಮ ವಿಭಾಗಕ್ಕೆ ಹೊಂದಿಸಿ ನೋಡಿ. ಫೋನಿನ ಕೆಲಸದಲ್ಲಿ ಕಾಲ್ ತೆಗೆದುಕೊಳ್ಳದ ಪ್ರತಿ ನಿಮಿಷವನ್ನೂ ಸಾಫ್ಟ್‌ವೇರ್ ಎಣಿಸುತ್ತದೆ. ದಿನಕ್ಕೆ ಎರಡು ಹದಿನೈದು ನಿಮಿಷದ ಬ್ರೇಕ್ ಇದ್ದರೆ, ನಾಲ್ಕನೆಯ ಸಲ ಎದ್ದಾಗ ಪರದೆಯ ಮೇಲೆ ಅವರ ಹೆಸರು ಕೆಂಪಾಗುತ್ತದೆ. ಆ ಕೆಂಪಿಗೆ ಹೆದರಿ ಕೂತಲ್ಲೇ ಕೂತರೆ ಬಟ್ಟೆಗೆ, ಕುರ್ಚಿಗೆ ಕಲೆ. ಒಮ್ಮೆ ಹಾಗಾದವರು ಮತ್ತೆ ಆ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ. ಆದ್ದರಿಂದ ಮೊದಲ ಕೆಲಸ: ಬ್ರೇಕಿನ ಕೋಡುಗಳಲ್ಲಿ ‘ವೈಯಕ್ತಿಕ’ ಎಂಬ ಒಂದು ಕೋಡ್ ಸೇರಿಸಿ. ಅದನ್ನು ತಂಡದ ಎಲ್ಲರೂ ಬಳಸಬಹುದು, ಅದು ಯಾರ ಅಂಕಕ್ಕೂ ಸೇರಬಾರದು, ಯಾರೂ ಕಾರಣ ಕೇಳಬಾರದು. ದುರುಪಯೋಗದ ಭಯ ಎಲ್ಲರಿಗೂ ಇರುತ್ತದೆ. ತಿಂಗಳ ಕೊನೆಗೆ ತಂಡದ ಒಟ್ಟು ನಿಮಿಷ ನೋಡಿ ಸಾಕು, ಹೆಸರಿನ ಮುಂದಿನ ನಿಮಿಷ ನೋಡಬೇಡಿ.

ಎರಡನೆಯದು ಶೌಚಾಲಯ. ಅವರ ಕುರ್ಚಿಯಿಂದ ನೀವೇ ಒಮ್ಮೆ ಗಡಿಯಾರ ಹಿಡಿದು ನಡೆದು ನೋಡಿ. ಮೂರು ನಿಮಿಷ ಹಿಡಿದರೆ ಹೋಗಿ ಬರುವುದಕ್ಕೇ ಆರು ನಿಮಿಷ. ಕುರ್ಚಿಯ ಜಾಗ ಬದಲಿಸಿ. ಬಾಗಿಲ ಚಿಲಕ ಸರಿಯಿದೆಯೇ, ಪ್ರತಿ ಕೋಣೆಯ ಒಳಗೇ ಮುಚ್ಚಳದ ಡಬ್ಬಿ ಇದೆಯೇ (ಹೊರಗೆ ಕೈ ತೊಳೆಯುವಲ್ಲಿ ಇದ್ದರೆ ಪ್ರಯೋಜನವಿಲ್ಲ), ರಾತ್ರಿ ಪಾಳಿಯಲ್ಲೂ ನೀರು ಬರುತ್ತದೆಯೇ ಎಂದು ಮಹಿಳಾ ಸಹೋದ್ಯೋಗಿಯೊಬ್ಬರಿಂದ ನೋಡಿಸಿ. ಕೇಳದೆ ಎತ್ತಿಕೊಳ್ಳುವ ಹಾಗೆ ದೊಡ್ಡ ಅಳತೆಯ ಪ್ಯಾಡುಗಳು, ಯೂನಿಫಾರಂ ಇದ್ದರೆ ಗಾಢ ಬಣ್ಣದ ಒಂದು ಹೆಚ್ಚುವರಿ ಪ್ಯಾಂಟು, ಒರೆಸಬಹುದಾದ ಹೊದಿಕೆಯ ಕುರ್ಚಿಗಳು. ಕುರ್ಚಿ ಅವರೊಬ್ಬರಿಗೆ ಮಾತ್ರ ಬೇರೆ ಇರಬಾರದು, ಸಾಲಿಗೆಲ್ಲ ಒಂದೇ ಇರಲಿ.

ಇಲ್ಲಿ ಆರೋಗ್ಯದ ಒಂದು ಮುಖ್ಯ ವಿಷಯ ಇದೆ, ಈ ಉತ್ತರವನ್ನು ಅವರೂ ಓದಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ತಿಂಗಳುಗಟ್ಟಲೆ ಹೀಗೆ ರಕ್ತ ಹೋದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗುತ್ತದೆ. ಹಿಮೋಗ್ಲೋಬಿನ್ ಇನ್ನೂ ಸರಿಯಾಗಿಯೇ ಇರುವಾಗ, ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಕುಸಿದಿರಬಹುದು. 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದೇ ಲೆಕ್ಕ. ಸುಸ್ತು, ಏದುಸಿರು, ಎದೆ ಡವಗುಟ್ಟುವುದು, ಗಮನ ನಿಲ್ಲದಿರುವುದು, ಹಾರ್ಮೋನಿನ ತಲೆಗೆ ಕಟ್ಟುವ ಇವುಗಳಲ್ಲಿ ಅರ್ಧ ಕಬ್ಬಿಣದ್ದೇ ಆಗಿರಬಹುದು. ಆದ್ದರಿಂದ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ರಕ್ತಸ್ರಾವಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ: ಸ್ರಾವವಿರುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ (ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ ಅಲ್ಲ), ಗರ್ಭಕೋಶದೊಳಗೆ ಇಟ್ಟು ಹಾರ್ಮೋನ್ ಬಿಡುವ ಲಿವೊನಾರ್‌ಜೆಸ್ಟ್ರೆಲ್ ಸಾಧನ, ಇತ್ಯಾದಿ. ಗಂಟೆಗೊಂದು ಪ್ಯಾಡ್ ತೊಯ್ದು ಅದು ಎರಡು ಗಂಟೆ ದಾಟಿದರೆ, ಅಥವಾ ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಟ್ಟುಗಳ ನಡುವೆ, ಸಂಭೋಗದ ನಂತರ, ಇಲ್ಲವೇ ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ ‘ಈ ವಯಸ್ಸಲ್ಲಿ ಹೀಗೇ’ ಎಂದು ಸುಮ್ಮನಿರಬಾರದು, ವೈದ್ಯರು ನೋಡಲೇಬೇಕು.

ಮೈ ಬಿಸಿಯೇರುವುದು

ನಮ್ಮ ಮೆದುಳಿನಲ್ಲಿ ಮೈಯ ಉಷ್ಣ ನೋಡಿಕೊಳ್ಳುವ ಒಂದು ಭಾಗ ಇದೆ. ಸಾಮಾನ್ಯವಾಗಿ ಅದು ಅಲ್ಪಸ್ವಲ್ಪ ಏರಿಳಿತವನ್ನು ಸಹಿಸಿಕೊಳ್ಳುತ್ತದೆ. ಈಸ್ಟ್ರೋಜನ್ ತಪ್ಪಿದಾಗ ಆ ಸಹನೆ ಬಹಳ ಕಿರಿದಾಗುತ್ತದೆ. ಒಂದು ಲೋಟ ಬಿಸಿ ಕಾಫಿ, ಬೆಳಗಿನ ಮೆಟ್ಟಿಲು, ಒಂದು ಮುಜುಗರದ ಪ್ರಶ್ನೆ, ಇಷ್ಟಕ್ಕೇ ‘ದೇಹ ಕಾದಿದೆ’ ಎಂದು ತೀರ್ಮಾನಿಸಿ ಚರ್ಮದ ರಕ್ತನಾಳಗಳನ್ನೆಲ್ಲ ತೆರೆದುಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಹೀಗೆ: ಮಾತಾಡುತ್ತಿದ್ದವರ ಕತ್ತು ಕೆಂಪಾಗುತ್ತದೆ, ಅರ್ಧ ನಿಮಿಷದಲ್ಲಿ ಮೇಲ್ತುಟಿಯ ಮೇಲೆ, ಹಣೆಯ ಅಂಚಿನಲ್ಲಿ ಬೆವರು, ಕೈಯಲ್ಲಿದ್ದ ಕಾಗದ ಬೀಸಣಿಗೆಯಾಗುತ್ತದೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಒಂದರಿಂದ ಐದು ನಿಮಿಷ. ಆಮೇಲೆ ಒದ್ದೆ ಬಟ್ಟೆಯಲ್ಲಿ ಚಳಿ.

ಕೊನೆಯ ಆ ಚಳಿಯನ್ನು ಗಮನಿಸಿ. ಇಡೀ ಹಾಲಿನ ಎಸಿಯನ್ನು 18ಕ್ಕೆ ಇಳಿಸಿದರೆ ಅವರು ಐದು ನಿಮಿಷ ಸುಖವಾಗಿದ್ದು ಮುಂದಿನ ಅರ್ಧ ಗಂಟೆ ನಡುಗುತ್ತಾರೆ, ಉಳಿದ ಇಪ್ಪತ್ತೊಂದು ಜನ ಅವರನ್ನು ಬೈದುಕೊಳ್ಳುತ್ತಾರೆ. ಬೇಕಾಗಿರುವುದು ಅವರೇ ಒತ್ತಿ ಆರಿಸಬಹುದಾದ ಗಾಳಿ. ನಿಮ್ಮ ಫ್ಯಾನ್ ಈ ಲೆಕ್ಕದಲ್ಲಿ ಸರಿ, ಸದ್ದಿಲ್ಲದ್ದಾಗಿದ್ದರೆ ಮಾತ್ರ. ಹೆಡ್‌ಸೆಟ್ ಮೈಕಿನಲ್ಲಿ ಫ್ಯಾನಿನ ಸದ್ದು ಗ್ರಾಹಕರಿಗೆ ಕೇಳಿಸಿದರೆ ಅವರು ಅದನ್ನು ಹಾಕುವುದೇ ಇಲ್ಲ. ಕಿಟಕಿ ಅಥವಾ ಬಾಗಿಲ ಬಳಿಯ ಜಾಗ, ಪ್ರಿಂಟರಿನ ಬಿಸಿಗಾಳಿಯಿಂದ ದೂರ, ಕೈಗೆಟುಕುವಲ್ಲಿ ತಣ್ಣೀರು, ಕಳಚಿ ಹಾಕಿಕೊಳ್ಳಬಹುದಾದ ಹತ್ತಿಯ ಬಟ್ಟೆ. ವಿಡಿಯೋ ಮೀಟಿಂಗಿನಲ್ಲಿ ಯಾರು ಬೇಕಾದರೂ ಕಾರಣ ಹೇಳದೆ ಕ್ಯಾಮೆರಾ ಆರಿಸಬಹುದು ಎಂಬ ನಿಯಮ. ನಿಮ್ಮ ಎದುರೇ ಹಾಗಾದಾಗ ‘ಆರಾಮಿದ್ದೀರಾ?’ ಎಂದು ಎಲ್ಲರ ಮುಂದೆ ಕೇಳಬೇಡಿ. ಮಾತನ್ನು ನೀವು ಎತ್ತಿಕೊಂಡು ಎರಡು ನಿಮಿಷ ನಡೆಸಿ, ಆಮೇಲೆ ಅವರಿಗೆ ವಾಪಸು ಕೊಡಿ.

ಇವೆಲ್ಲ ಹಾಯೆನಿಸಲು ಮಾತ್ರ. ಉತ್ತರ ಅಮೆರಿಕದ ಮೆನೋಪಾಸ್ ತಜ್ಞರ ಸಂಘ 2023ರಲ್ಲಿ ಹಾರ್ಮೋನೇತರ ಉಪಾಯಗಳನ್ನೆಲ್ಲ ಪರಿಶೀಲಿಸಿದಾಗ ತಂಪು ಮಾಡಿಕೊಳ್ಳುವುದು, ಪ್ರಚೋದಕಗಳನ್ನು ತಪ್ಪಿಸುವುದು, ನಿಧಾನ ಉಸಿರಾಟ ಇವುಗಳಿಂದ ಬಿಸಿಯೇರುವಿಕೆ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಕಾಗ್ನಿಟಿವ್ ಬಿಹೇವಿಯರ್ ಥೆರಪಿಯನ್ನೂ (ಯೋಚನೆ, ವರ್ತನೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ) ಕೆಲವು ಔಷಧಿಗಳನ್ನೂ ಒಪ್ಪಿತು. ಎಲ್ಲಕ್ಕಿಂತ ಪರಿಣಾಮಕಾರಿ ಹಾರ್ಮೋನ್ ಚಿಕಿತ್ಸೆಯೇ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೊಜನ್ (ಪ್ರೊಜೆಸ್ಟರಾನಿನ ಕೆಲಸ ಮಾಡುವ ಔಷಧಿ) ಕಡ್ಡಾಯ. ಚರ್ಮದ ಮೇಲೆ ಹಚ್ಚುವ ಪ್ಯಾಚ್, ಜೆಲ್‌ಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ದಾರಿ ಬೇರೆ. ಮತ್ತೆ, ಈ ಹಾರ್ಮೋನ್ ಚಿಕಿತ್ಸೆ ಗರ್ಭನಿರೋಧಕ ಅಲ್ಲ. ಈ ಹಂತದಲ್ಲೂ ಗರ್ಭ ನಿಲ್ಲಬಹುದು. ಚಿಕಿತ್ಸೆ ಶುರುವಾದ ಸುಮಾರು ಮೂರು ತಿಂಗಳಿಗೆ ವೈದ್ಯರು ಮತ್ತೆ ನೋಡಿ ಪ್ರಮಾಣ ಬದಲಿಸುತ್ತಾರೆ. ನೀವು ಮಾಡುವ ಯಾವುದೇ ಹೊಂದಾಣಿಕೆ ಕನಿಷ್ಠ ಅಷ್ಟು ಕಾಲ ನಿಲ್ಲಬೇಕು.

ನಿದ್ದೆ, ಪಾಳಿ

ರಾತ್ರಿ ಎರಡೂವರೆಗೆ ಬೆವರಿ ಎಚ್ಚರ, ಬಟ್ಟೆ ಬದಲಿಸಿ ಮಲಗಿದರೆ ನಾಲ್ಕೂವರೆಗೆ ಮತ್ತೆ. ಬೆಳಗಿನ ಎಂಟಕ್ಕೆ ಹಾಜರಿ. ತಡವಾಗುವುದರ ಗಣಿತ ಇಷ್ಟೇ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಯಾವಾಗ ಬಂದರೂ ಸರಿ, ಅಷ್ಟೇ ಹೊತ್ತು ಸಂಜೆ ಎಂದು ಮಾಡಿದರೆ ತಡವೆಂಬುದೇ ಇರುವುದಿಲ್ಲ. ಫೋನಿನ ಕೆಲಸದಲ್ಲಿ ಎಂಟಕ್ಕೆ ಯಾರಾದರೂ ಇರಲೇಬೇಕು ಎನ್ನುವಿರಿ. ಹಾಗಿದ್ದರೆ ಆ ಎರಡು ಗಂಟೆ ಅವರ ಹೆಸರನ್ನು ಕಾಲ್ ಸಾಲಿನ ಲೆಕ್ಕಕ್ಕೆ ಹಿಡಿಯಬೇಡಿ. ಬಂದ ದಿನ ಅದು ಇಮೇಲ್ ಉತ್ತರಿಸುವ ಹೊತ್ತು.

ರಾತ್ರಿ ಪಾಳಿ ಬಿಡಿಸುವುದಾದರೆ ಅವರನ್ನು ಕೇಳಿಯೇ ಬಿಡಿಸಿ. ರಾತ್ರಿ ಭತ್ಯೆ ಕೈತಪ್ಪುವುದು ಕೆಲವರಿಗೆ ಬೆವರಿಗಿಂತ ದೊಡ್ಡ ಕಷ್ಟ. ಉಳಿಸಿಕೊಳ್ಳುವುದಾದರೆ ಒಂದೇ ಸಮ ಏಳು ರಾತ್ರಿ ಬೇಡ, ಎರಡು ಮೂರಕ್ಕೆ ಒಡೆಯಿರಿ. ಎರಡು ಪಾಳಿಗಳ ನಡುವೆ 11 ಗಂಟೆಯಾದರೂ ಬಿಡುವಿರಲಿ. ಪಾಳಿ ಬದಲಾಗುವುದು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂಬ ಕ್ರಮದಲ್ಲಿರಲಿ, ಹಿಂದುಮುಂದಾದರೆ ದೇಹ ಹೊಂದಿಕೊಳ್ಳುವುದು ಕಷ್ಟ. ವಾಹನ, ಯಂತ್ರ, ಎತ್ತರದ ಕೆಲಸ ಇರುವ ಜಾಗಗಳಲ್ಲಿ ‘ಇವತ್ತು ನಿದ್ದೆಯಾಗಿಲ್ಲ, ಬೇರೆ ಕೆಲಸ ಕೊಡಿ’ ಎನ್ನುವುದು ಸುರಕ್ಷತೆಯ ಮಾತು, ನೆಪವಲ್ಲ. ಜೋರು ಗೊರಕೆಯೂ ಹಗಲಿನ ತೂಕಡಿಕೆಯೂ ಒಟ್ಟಿಗಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ನೋಡಿಸಬೇಕು. ಅದು ಈ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುತ್ತದೆ.

ಮರೆವು

ನಾಲಿಗೆಯ ತುದಿಯಲ್ಲಿದ್ದ ಪದ ಸಿಗದಿರುವುದು, ಕೇಳಿಸಿಕೊಂಡದ್ದು ನಿಲ್ಲದಿರುವುದು ಹೆಂಗಸರು ಅತಿ ಹೆಚ್ಚು ಹೆದರುವ ಲಕ್ಷಣ. ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಶುರುವಾಯಿತೇ ಎಂದು ಒಳಗೊಳಗೇ ಕೊರಗುತ್ತಾರೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದಲ್ಲಿ, ಪೆರಿಮೆನೋಪಾಸ್ ಕಾಲದಲ್ಲಿ ಹೊಸದನ್ನು ಕಲಿಯುವ ವೇಗ ಕುಂಠಿತವಾಗಿ ಮುಟ್ಟು ನಿಂತ ಮೇಲೆ ಮತ್ತೆ ಹಳೆಯ ಹದಕ್ಕೆ ಬಂದದ್ದು ಕಂಡಿತು. ವರ್ಷಗಳಿಂದ ಗಳಿಸಿದ ಅನುಭವ ಎಲ್ಲೂ ಹೋಗಿರುವುದಿಲ್ಲ. ಕೈಕೊಡುವುದು ಈಗಷ್ಟೇ ಕಿವಿಗೆ ಬಿದ್ದದ್ದು, ಅದೂ ಮಧ್ಯದಲ್ಲಿ ಯಾರಾದರೂ ಕರೆದಾಗ.

ಆದ್ದರಿಂದ ಬಾಯಿಮಾತಿನ ಸೂಚನೆಯನ್ನು ಕಡಿಮೆ ಮಾಡಿ. ಕಾರಿಡಾರಿನಲ್ಲಿ ಹೇಳಿದ್ದನ್ನು ಅದೇ ದಿನ ಎರಡು ಸಾಲು ಬರೆದು ಕಳಿಸಿ. ಕೆಲಸ ಬರುವ ದಾರಿ ಒಂದೇ ಇರಲಿ. ಅರ್ಧ ಚಾಟಿನಲ್ಲಿ, ಅರ್ಧ ಇಮೇಲಿನಲ್ಲಿ, ಉಳಿದದ್ದು ಫೋನಿನಲ್ಲಿ ಬಂದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಮೀಟಿಂಗಿನ ವಿಷಯಪಟ್ಟಿ ಹಿಂದಿನ ದಿನವೇ ಹೋಗಲಿ. ದಿನಕ್ಕೆ ಒಮ್ಮೆ ತೊಂಬತ್ತು ನಿಮಿಷ ಯಾರೂ ಕರೆಯದ ಹೊತ್ತು ಕೊಡಿ. ತಪ್ಪಿದರೆ ದುಡ್ಡು ಹೋಗುವ ಹಂತಗಳಿಗೆ, ಹಣ ಮರಳಿಸುವುದು, ಖಾತೆ ಮುಚ್ಚುವುದು ಇಂಥವಕ್ಕೆ, ಇನ್ನೊಬ್ಬರು ನೋಡಿ ಒಪ್ಪುವ ಪದ್ಧತಿ ತನ್ನಿ. ಆದರೆ ಇಡೀ ತಂಡಕ್ಕೆ ತನ್ನಿ, ಅವರೊಬ್ಬರ ಕೆಲಸವನ್ನು ಮಾತ್ರ ಪರೀಕ್ಷಿಸಿದರೆ ಅದು ಕಾವಲು.

ಸಿಡುಕು, ಆತಂಕ, ಖಿನ್ನತೆ ಬಗ್ಗೆ ಎರಡೇ ಮಾತು. ಹಿಂದೆ ಖಿನ್ನತೆ ಇದ್ದವರಿಗೆ ಈ ಹಂತದಲ್ಲಿ ಅದು ಮರಳುವ ಸಂಭವ ಹೆಚ್ಚು. ಬದುಕೇ ಬೇಡ ಎಂಬ ಮಾತು ಬಂದರೆ ಅದು ತುರ್ತು, ಅವತ್ತೇ ವೈದ್ಯರಿಗೆ ತಲುಪಿಸಬೇಕು. ಇನ್ನೊಂದು: ಅವರು ಮೀಟಿಂಗಿನಲ್ಲಿ ದನಿಯೇರಿಸಿದರೆ ಹಾರ್ಮೋನಿನ ಮೇಲೆ ಹಾಕುವ ಮೊದಲು ಅವರು ಹೇಳಿದ್ದು ಸರಿಯೇ ಎಂದು ನೋಡಿ. ಆಗದ ಗಡುವು ಕೊಟ್ಟರೆ ಮೂವತ್ತರವರಿಗೂ ಸಿಟ್ಟು ಬರುತ್ತದೆ.

ಒಂದು ಪುಟದ ಒಪ್ಪಂದ

ಮಾತಾಡಿದ್ದನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ಅವರ ಮಾತಿನಲ್ಲೇ ಇರಲಿ, ರೋಗದ ಹೆಸರು ಬೇಡ. ಹೆಚ್ಚುಕಡಿಮೆ ಹೀಗೆ:

‘ನಿದ್ದೆ ಕೆಟ್ಟ ದಿನ ಹತ್ತರೊಳಗೆ ಬರುತ್ತೇನೆ. ಏಳೂವರೆಯೊಳಗೆ “ಇವತ್ತು ಹತ್ತು” ಎಂದು ಮೆಸೇಜ್ ಹಾಕುತ್ತೇನೆ, ಕಾರಣ ಬರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಎದ್ದು ಹೋಗಬೇಕಾದಾಗ “ವೈಯಕ್ತಿಕ” ಕೋಡ್ ಒತ್ತಿ ಹೋಗುತ್ತೇನೆ. ಮೀಟಿಂಗಿನಲ್ಲಿ ಬಾಗಿಲ ಬಳಿ ಕೂರುತ್ತೇನೆ. ತೀರಾ ಕೆಟ್ಟ ದಿನ ಫೋನ್ ಬಿಟ್ಟು ಇಮೇಲ್ ಕೆಲಸ ಮಾಡುತ್ತೇನೆ, ತಿಂಗಳಿಗೆ ನಾಲ್ಕು ದಿನದವರೆಗೆ. ವೈದ್ಯರನ್ನು ನೋಡುವ ಹೊತ್ತು ರಜೆಯಲ್ಲಿ ಕಳೆಯುವುದಿಲ್ಲ. ದೊಡ್ಡ ಗ್ರಾಹಕರ ಖಾತೆಗಳು ನನ್ನಲ್ಲೇ ಇರುತ್ತವೆ. ನಾಲ್ಕು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೂತು ನೋಡುತ್ತೇವೆ.’

ಒಂದು ಪ್ರತಿ ಅವರ ಬಳಿ ಇರಬೇಕು. ನಾಳೆ ನಿಮಗೆ ವರ್ಗವಾದರೆ ಹೊಸ ಮ್ಯಾನೇಜರ್ ಮುಂದೆ ಮೊದಲಿಂದ ಕತೆ ಹೇಳುವ ಹಿಂಸೆ ತಪ್ಪುತ್ತದೆ. ಇಂಥ ಒಪ್ಪಂದಗಳು ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ: ಮರುಪರಿಶೀಲನೆಯ ದಿನಾಂಕ ಯಾರೂ ಹಾಕಿರುವುದಿಲ್ಲ, ಅಥವಾ ಎರಡು ತಿಂಗಳು ಯಾವ ತೊಂದರೆಯೂ ಕಾಣದಿದ್ದಾಗ ‘ಈಗ ಸರಿಹೋಯಿತಲ್ಲ’ ಎಂದು ಮ್ಯಾನೇಜರ್ ಹರಿದು ಹಾಕುತ್ತಾರೆ. ಏರುಪೇರು ಎಂದರೆ ಒಳ್ಳೆಯ ತಿಂಗಳುಗಳೂ ಅದರ ಭಾಗ. ಸ್ವಾನ್ ಅಧ್ಯಯನದಲ್ಲಿ ಪದೇ ಪದೇ ಮೈ ಬಿಸಿಯೇರುವವರಿಗೆ ಅದು ಇದ್ದದ್ದು ಮಧ್ಯಮ ಲೆಕ್ಕದಲ್ಲಿ 7.4 ವರ್ಷ.

ಅಪ್ರೈಸಲ್

ಮುಂದಿನ ತಿಂಗಳ ಅಪ್ರೈಸಲಿನಲ್ಲಿ ಕಳೆದ ಆರು ತಿಂಗಳ ಹಾಜರಿ ಅಂಕವನ್ನು ಹಾಗೇ ಹಾಕಿದರೆ, ಅನುಕೂಲ ಕೊಡದೆ ಇದ್ದ ಕಾಲಕ್ಕೆ ಶಿಕ್ಷೆ ಕೊಟ್ಟ ಹಾಗೆ. ಎರಡು ದಾರಿಗಳಿವೆ: ವರ್ಷದ ಮೊದಲರ್ಧದ ಕೆಲಸಕ್ಕೆ ಅಂಕ ಕೊಟ್ಟು ಉಳಿದದ್ದನ್ನು ಮುಂದೂಡುವುದು, ಇಲ್ಲವೇ ಹಾಜರಿಯನ್ನು ಬದಿಗಿಟ್ಟು ಕೆಲಸದ ಫಲವನ್ನು ಮಾತ್ರ ನೋಡುವುದು, ಅಂದರೆ ಎಷ್ಟು ದೂರು ಬಗೆಹರಿಸಿದರು, ಗ್ರಾಹಕರು ಏನೆಂದರು. ಇಂಥ ಚಿಕ್ಕ ಚಿಕ್ಕ ಗೈರುಹಾಜರಿಗಳು ಬೇರೆ ಕೋಡಿನಲ್ಲಿ ದಾಖಲಾಗಲಿ ಎಂದು ಎಚ್‌ಆರ್‌ಗೆ ಹೇಳಿ. ಇಲ್ಲವಾದರೆ ಮೂರನೆಯ ಗೈರಿಗೆ ಎಚ್ಚರಿಕೆ ಪತ್ರ ತಾನಾಗಿಯೇ ಹೊರಡುತ್ತದೆ, ನಿಮಗೂ ಗೊತ್ತಾಗದೆ. ಹಾಗೆಂದು ಕೆಲಸದ ಗುಣಮಟ್ಟದ ಬಗ್ಗೆ ಮಾತೇ ಆಡಬಾರದು ಎಂದಲ್ಲ. ಒಪ್ಪಂದ ಮೂರು ನಾಲ್ಕು ತಿಂಗಳು ನಿಜವಾಗಿ ನಡೆದ ಮೇಲೂ ಕೆಲಸ ಕುಂಟುತ್ತಿದ್ದರೆ ನೇರವಾಗಿ ಹೇಳಿ, ಬೇರೆಯವರಿಗೆ ಹೇಗೆ ಹೇಳುತ್ತೀರೋ ಹಾಗೆ.

ಸಂಸ್ಥೆಯ ಮಟ್ಟದಲ್ಲಿ ನಿಯಮ ಬರೆಯುವವರಿಗೆ ಮಾದರಿಗಳಿವೆ. ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ 2023ರಲ್ಲಿ ಮುಟ್ಟು ಮತ್ತು ಮೆನೋಪಾಸ್ ಕುರಿತು ಕೆಲಸದ ಜಾಗಗಳಿಗೆಂದೇ ‘ಬಿಎಸ್ 30416’ ಎಂಬ ಮಾನದಂಡ ಹೊರಡಿಸಿತು. ಲಕ್ಷಣಗಳು ದೀರ್ಘಕಾಲ, ಗಣನೀಯವಾಗಿ ಕಾಡಿದರೆ ಅದನ್ನು ಸಮಾನತಾ ಕಾನೂನಿನಡಿ ಅಂಗವೈಕಲ್ಯವಾಗಿ ಪರಿಗಣಿಸಬಹುದು ಎಂದು ಅಲ್ಲಿನ ಸಮಾನತಾ ಆಯೋಗ 2024ರಲ್ಲಿ ಮಾಲೀಕರಿಗೆ ನೆನಪಿಸಿತು. ಖರ್ಚಿನ ಭಾಷೆ ಮಾತ್ರ ಅರ್ಥವಾಗುವ ಮೇಲಧಿಕಾರಿ ಇದ್ದರೆ, ಅಮೆರಿಕದ ಮೇಯೊ ಕ್ಲಿನಿಕ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ತೋರಿಸಿ: ಹಿಂದಿನ ಒಂದು ವರ್ಷದಲ್ಲಿ ಈ ಲಕ್ಷಣಗಳಿಂದಾಗಿ ಕೆಲಸ ತಪ್ಪಿಸಿಕೊಂಡವರು ಶೇ. 10.8.

ಇನ್ನು ‘ಅವರಿಗೆ ಮಾತ್ರ ಯಾಕೆ’ ಎಂಬುದಕ್ಕೆ. ‘ಅವರ ವಿಷಯ ಅವರಿಗೂ ನನಗೂ ಸಂಬಂಧಿಸಿದ್ದು. ನಿಮಗೆ ಏನಾದರೂ ಬೇಕಿದ್ದರೆ ಬನ್ನಿ, ನಿಮ್ಮ ಜೊತೆಗೂ ಹೀಗೇ ಕೂತು ಮಾತಾಡುತ್ತೇನೆ.’ ಇದಕ್ಕಿಂತ ಒಂದು ಪದವೂ ಹೆಚ್ಚು ಬೇಡ. ‘ಆರೋಗ್ಯ ಸರಿ ಇಲ್ಲ’ ಎಂದರೂ ಗುಟ್ಟು ಅರ್ಧ ಬಯಲಾದಂತೆ. ಮೇಲೆ ಹೇಳಿದವನ್ನು ಮತ್ತೊಮ್ಮೆ ನೋಡಿದರೆ ‘ವೈಯಕ್ತಿಕ’ ಕೋಡ್, ಆರಿಸಬಹುದಾದ ಕ್ಯಾಮೆರಾ, ಬರೆದು ಕೊಡುವ ಸೂಚನೆ, ಹಿಂದಿನ ದಿನದ ವಿಷಯಪಟ್ಟಿ, ಒಡೆದ ರಾತ್ರಿ ಪಾಳಿ, ಎಲ್ಲವನ್ನೂ ಇಡೀ ತಂಡಕ್ಕೇ ಕೊಡಬಹುದು. ಸಕ್ಕರೆ ಕಾಯಿಲೆಯವರಿಗೂ, ಎಳೆಗೂಸಿನ ಅಪ್ಪನಿಗೂ ಅವು ಬೇಕು. ಅವರೊಬ್ಬರಿಗೇ ಉಳಿಯುವುದು ‘ಇವತ್ತು ಹತ್ತು’ ಎಂಬ ಮೆಸೇಜು ಮತ್ತು ತಿಂಗಳಿಗೆ ನಾಲ್ಕು ದಿನದ ಇಮೇಲ್ ಕೆಲಸ. ಮುಂದಿನ ರೋಸ್ಟರ್ ಬರೆಯುವ ಮೊದಲು ಅವರೊಡನೆ ಕೂತು ಇವೆರಡನ್ನು ಖಚಿತ ಮಾಡಿಕೊಳ್ಳಿ. ರೋಸ್ಟರ್ ಹೊರಬಿದ್ದ ಮೇಲೆ ಬದಲಿಸಿದರೆ ಇಪ್ಪತ್ತೆರಡು ಜನರ ಕಣ್ಣಿಗೂ ಬೀಳುತ್ತದೆ.